ಚಿರಂಜೀವಿ ಕಾಲ: ಆಯುಷ್ಯದ ಲೆಕ್ಕದಲ್ಲಿ ಕಾರಣದ ಶೋಧ

"ಆಯುಷ್ಯವೆಂಬುದು ಬ್ರಹ್ಮನ ಬರಹ, ಅದನ್ನು ಅಳೆಯುತ್ತೇನೆಂದು ಹೊರಡಬಾರದು" ಎಂದು ನಮ್ಮ ಅಜ್ಜಿ ಹೇಳುವುದುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನು ನಾನು ಆರಿಸಿಕೊಂಡುದು ಅದರ ಮೇಲಿನ ಪ್ರೀತಿಯಿಂದಲ್ಲ. ಉಳಿದ ವಿಷಯಗಳಲ್ಲಿ ಸ್ಥಳ ದೊರೆಯಲಿಲ್ಲವೆಂಬ ಕಾರಣದಿಂದ. ಆದರೆ ಅದೇ ಶಾಸ್ತ್ರವು ನಮ್ಮ ಮನೆಯ ಒಂದು ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟಿತು. ಆ ಉತ್ತರವನ್ನು ನನ್ನ ಸಹಪಾಠಿಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಾನು ಪಿ.ಯು.ಸಿ. ಓದುತ್ತಿದ್ದಾಗ, ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಚಿಕ್ಕಪ್ಪನಿಗೆ ಕ್ಷಯ ತಗುಲಿತು. ಕಫದಲ್ಲಿ ರಕ್ತ ಕಂಡ ದಿನ ಊರಿನ ಹಿರಿಯರು ನಮ್ಮ ಜಗಲಿಯ ಮೇಲೆ ಸೇರಿದರು. ಪಕ್ಕದ ಊರಿನಲ್ಲಿ ನಾಟಿ ಔಷಧಿ ಕೊಡುವ ಪಂಡಿತರೊಬ್ಬರಿದ್ದರು. ಅವರ ಕಷಾಯವನ್ನು ಎರಡು ಮಂಡಲ, ಎಂದರೆ ೯೬ ದಿನ, ತಪ್ಪದೆ ಕುಡಿಯಬೇಕು. ಹಿರಿಯರು ಎರಡು ಮಾತು ಹೇಳಿದರು. ಮೊದಲನೆಯದು: "ಎರಡು ಮಂಡಲ ಪೂರ್ತಿ ಕುಡಿದವರಲ್ಲಿ ಬಹಳ ಮಂದಿ ಇವತ್ತಿಗೂ ಓಡಾಡಿಕೊಂಡಿದ್ದಾರೆ." ಎರಡನೆಯದು: "ದೊಡ್ಡಾಸ್ಪತ್ರೆಗೆ ಹೋದವರಲ್ಲಿ ಬಹಳ ಮಂದಿ ಹೆಣವಾಗಿ ಬಂದಿದ್ದಾರೆ." ಎರಡೂ ಸುಳ್ಳಲ್ಲ. ಹೇಳಿದವರು ಕಣ್ಣಾರೆ ಕಂಡಿದ್ದನ್ನೇ ಹೇಳಿದರು.

ಚಿಕ್ಕಪ್ಪ ಕಷಾಯವನ್ನು ನೆಚ್ಚಿದರು. ಎಪ್ಪತ್ತನೆಯ ದಿನ ತೀರಿಕೊಂಡರು. ತಿಥಿಗೆ ಬಂದವರೊಬ್ಬರು, "ಪಾಪ, ಎರಡು ಮಂಡಲ ಮುಗಿಸಿದ್ದರೆ ಉಳಕೊಳ್ತಿದ್ದ" ಎಂದು ಮರುಗಿದರು.

ಮುಂದಿನ ವರ್ಷ ಅಪ್ಪನಿಗೂ ಅದೇ ಕೆಮ್ಮು ಬಂದಿತು. ಮತ್ತೆ ಅದೇ ಜಗಲಿ, ಅದೇ ಎರಡು ಮಾತು. ಅಪ್ಪ ನನ್ನ ಮುಖ ನೋಡಿ, "ನೀನು ಓದಿರೋನು, ಏನು ಮಾಡೋಣ ಹೇಳಪ್ಪ" ಎಂದರು. ನಾನು ಆಸ್ಪತ್ರೆಗೆ ಹೋಗೋಣವೆಂದೆ. ಆದರೆ ಹಾಗೆಂದುದು ತಿಳಿವಳಿಕೆಯಿಂದಲ್ಲ, ಭಯದಿಂದ. ಆ ಎರಡು ಮಾತುಗಳಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕಣ್ಣಾರೆ ಕಂಡ ಸತ್ಯದಿಂದ ತಪ್ಪು ತೀರ್ಮಾನ ಹುಟ್ಟುವುದು ಹೇಗೆ? ಇದೇ ನಾನು ಮೇಲೆ ಹೇಳಿದ ಹಳೆಯ ಪ್ರಶ್ನೆ.

ಆಯುಷ್ಯವನ್ನು ಎಣಿಸುವ ಬಗೆ

ಕಾರಣದ ವಿಚಾರಕ್ಕೆ ಹೋಗುವ ಮುನ್ನ ಎಣಿಕೆಯ ವಿಚಾರವನ್ನು ಸ್ವಲ್ಪ ನೋಡೋಣ. ಲಂಡನ್ ನಗರದ ಮರಣಪಟ್ಟಿಗಳನ್ನು ಕೂಡಿಸಿ ಜಾನ್ ಗ್ರಾಂಟ್ ಎಂಬ ವರ್ತಕನು ೧೬೬೨ರಲ್ಲಿ ಒಂದು ಪುಸ್ತಕ ಪ್ರಕಟಿಸಿದನು. ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು ೧೬೯೩ರಲ್ಲಿ ಬ್ರೆಸ್ಲಾ ನಗರದ ಜನನ ಮರಣಗಳಿಂದ ಆಯುಷ್ಯದ ಕೋಷ್ಟಕವೊಂದನ್ನು ರಚಿಸಿದನು. ಇಂದಿನ ಜೀವವಿಮೆಯ ಲೆಕ್ಕಗಳೆಲ್ಲ ಈ ಬೇರಿನಿಂದಲೇ ಚಿಗುರಿದವು.

ಆಯುಷ್ಯದ ಲೆಕ್ಕದಲ್ಲಿ ಒಂದು ವಿಶೇಷ ತೊಡಕುಂಟು. ಪರೀಕ್ಷೆಯ ಅಂಕಗಳು ಎಲ್ಲರಿಗೂ ಬಂದ ಮೇಲೆ ನಾವು ಸರಾಸರಿ ತೆಗೆಯುತ್ತೇವೆ. ಆಯುಷ್ಯದಲ್ಲಿ ಎಲ್ಲರ ಉತ್ತರವೂ ಬರುವ ತನಕ ಕಾಯುವಂತಿಲ್ಲ. ಕೆಲವರು ಇನ್ನೂ ಬದುಕಿರುತ್ತಾರೆ. ಕೆಲವರು ಊರು ಬಿಟ್ಟು ಹೋಗಿರುತ್ತಾರೆ. ಇಂಥವರ ವಿಷಯದಲ್ಲಿ "ಇಷ್ಟು ದಿನವಂತೂ ಬದುಕಿದ್ದರು" ಎಂಬಷ್ಟು ಮಾತ್ರ ನಮಗೆ ಗೊತ್ತು. ಇದನ್ನು ಸೆನ್ಸರಿಂಗ್ ಎನ್ನುತ್ತಾರೆ. ಅರೆಲೆಕ್ಕ ಎಂದು ನಾವು ಕರೆಯಬಹುದು.

ಒಂದು ಕಲ್ಪಿತ ನಿದರ್ಶನ ನೋಡಿ. ಹತ್ತು ಮಂದಿ ರೋಗಿಗಳಿದ್ದಾರೆ. ಎರಡನೆಯ ತಿಂಗಳಲ್ಲಿ ಒಬ್ಬನು ಸತ್ತನು. ಮೂರನೆಯ ತಿಂಗಳಲ್ಲಿ ಒಬ್ಬನು ಕೂಲಿ ಹುಡುಕಿಕೊಂಡು ಊರು ಬಿಟ್ಟನು. ಅವನ ಸುದ್ದಿ ತಿಳಿಯದು. ಐದನೆಯ ತಿಂಗಳಲ್ಲಿ ಇಬ್ಬರು ಸತ್ತರು. ಹಾಗಾದರೆ ಆರು ತಿಂಗಳು ಬದುಕುವ ಸಂಭವ ಎಷ್ಟು? ಊರು ಬಿಟ್ಟವನು ಬದುಕಿದ್ದಾನೆಂದರೆ ೦.೭೦, ಸತ್ತನೆಂದರೆ ೦.೬೦. ಎರಡೂ ಊಹೆ. ಸರಿಯಾದ ದಾರಿ ಹೀಗೆ: ಎರಡನೆಯ ತಿಂಗಳನ್ನು ದಾಟಿದವರು ೧೦ರಲ್ಲಿ ೯. ಐದನೆಯ ತಿಂಗಳಿಗೆ ನಮ್ಮ ಕಣ್ಣ ಮುಂದೆ ಉಳಿದಿದ್ದವರು ೮. ಅದನ್ನು ದಾಟಿದವರು ೬. ಈ ಎರಡು ಭಿನ್ನರಾಶಿಗಳನ್ನು ಗುಣಿಸಿದರೆ ೦.೯ × ೦.೭೫ = ೦.೬೭೫. ಊರು ಬಿಟ್ಟವನು ತಾನು ಇದ್ದಷ್ಟು ಕಾಲಕ್ಕೆ ಸಾಕ್ಷಿ ನುಡಿದು ಸರಿದುಕೊಂಡನು. ಅವನ ಬಗ್ಗೆ ಸುಳ್ಳನ್ನೂ ಹೇಳಲಿಲ್ಲ, ಅವನನ್ನು ಕಡೆಗಣಿಸಲೂ ಇಲ್ಲ. ಊರು ಬಿಡಲು ಅವನ ರೋಗವೇ ಕಾರಣವಾಗಿರಬಾರದು ಎಂಬುದೊಂದೇ ಇಲ್ಲಿನ ಕರಾರು.

ಈ ವಿಧಾನವನ್ನು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೈಯರ್ ಎಂಬ ಅಮೆರಿಕದ ವಿದ್ವಾಂಸರು ೧೯೫೮ರಲ್ಲಿ ಪ್ರಕಟಿಸಿದರು. ಒಬ್ಬರು ದೂರವಾಣಿ ತಂತಿಗಳಲ್ಲಿ ಬಳಸುವ ನಿರ್ವಾತ ನಳಿಗೆಗಳ ಬಾಳಿಕೆಯನ್ನೂ ಇನ್ನೊಬ್ಬರು ರೋಗಿಗಳ ಆಯುಷ್ಯವನ್ನೂ ಕುರಿತು ಯೋಚಿಸುತ್ತಿದ್ದರು. ನಳಿಗೆಗೂ ನರನಿಗೂ ಲೆಕ್ಕ ಒಂದೇ ಆಯಿತು. ೧೯೭೨ರಲ್ಲಿ ಇಂಗ್ಲೆಂಡಿನ ಡೇವಿಡ್ ಕಾಕ್ಸ್ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಈ ಕ್ಷಣದವರೆಗೆ ಬದುಕಿರುವವನಿಗೆ ಮರುಕ್ಷಣದಲ್ಲಿ ಒದಗುವ ಸಾವಿನ ಅಪಾಯಕ್ಕೆ ಹಜಾರ್ಡ್ ಎಂದು ಹೆಸರು. ಎರಡು ಗುಂಪುಗಳ ಈ ಅಪಾಯ ಒಂದಕ್ಕೊಂದು ಎಷ್ಟು ಪಟ್ಟು ಎಂಬುದನ್ನು ವಯಸ್ಸು ಮೊದಲಾದ ವ್ಯತ್ಯಾಸಗಳನ್ನು ಗಣನೆಗೆ ತೆಗೆದುಕೊಂಡು ಕಂಡುಹಿಡಿಯುವ ಮಾರ್ಗವನ್ನು ಅವರು ತೋರಿಸಿದರು.

ಇಷ್ಟಾದರೂ ನಮ್ಮ ಜಗಲಿಯ ಪ್ರಶ್ನೆ ತೀರಲಿಲ್ಲ. "ಕಷಾಯ ಕುಡಿದವರು ಹೆಚ್ಚು ಕಾಲ ಬದುಕಿದರು" ಎಂಬುದು ಎಣಿಕೆ. "ಕಷಾಯದಿಂದ ಹೆಚ್ಚು ಕಾಲ ಬದುಕಿದರು" ಎಂಬುದು ಕಾರಣ. ಈ ಎರಡರ ನಡುವೆ ಒಂದು ಹೊಳೆಯಿದೆ. ಅದನ್ನು ದಾಟಲು, ಅದೇ ಮನುಷ್ಯ ಕಷಾಯ ಕುಡಿಯದಿದ್ದರೆ ಏನಾಗುತ್ತಿತ್ತು ಎಂಬುದು ಗೊತ್ತಿರಬೇಕು. ಒಬ್ಬನೇ ಮನುಷ್ಯ ಎರಡು ದಾರಿಯಲ್ಲಿ ನಡೆಯಲಾರನು. ಆದಕಾರಣ ಅವನಂಥ ಇನ್ನೊಬ್ಬನೊಡನೆ ಹೋಲಿಸಬೇಕಾಗುತ್ತದೆ. ತಪ್ಪು ನುಸುಳುವುದು ಈ ಹೋಲಿಕೆಯಲ್ಲಿಯೇ.

ಮೊದಲ ತಪ್ಪು: ಚಿರಂಜೀವಿ ಕಾಲ

ನಮ್ಮ ಪುರಾಣಗಳಲ್ಲಿ ಅಶ್ವತ್ಥಾಮ, ವಿಭೀಷಣ ಮೊದಲಾದ ಏಳು ಮಂದಿ ಚಿರಂಜೀವಿಗಳು. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಯಾರನ್ನು ಬೇಕಾದರೂ ಕೆಲವು ಕಾಲ ಚಿರಂಜೀವಿಯಾಗಿ ಮಾಡಬಹುದು; ಲೆಕ್ಕದಲ್ಲಿ ಎಚ್ಚರ ತಪ್ಪಿದರಾಯಿತು.

ಇಂಗ್ಲೆಂಡಿನ ವಿಲಿಯಂ ಫಾರ್ ಎಂಬವರು ೧೮೪೦ರ ದಶಕದಲ್ಲಿಯೇ ಇದನ್ನು ಕಂಡಿದ್ದರು. ಸತ್ತಾಗಿನ ವಯಸ್ಸಿನ ಸರಾಸರಿ ತೆಗೆದರೆ ನ್ಯಾಯಾಧೀಶರೂ ಬಿಷಪ್ಪರೂ ದೀರ್ಘಾಯುಷಿಗಳೆಂದು ಕಾಣುತ್ತಾರೆ. ಕಿರಿಯ ವಕೀಲರೂ ಕಿರಿಯ ಪಾದ್ರಿಗಳೂ ಅಲ್ಪಾಯುಷಿಗಳೆಂದು ಕಾಣುತ್ತಾರೆ. ಹಾಗೆಂದು ಎಲ್ಲರಿಗೂ ನ್ಯಾಯಾಧೀಶರ ಹುದ್ದೆ ಕೊಟ್ಟರೆ ಆಯುಷ್ಯ ಹೆಚ್ಚುವುದೆ? ಇಪ್ಪತ್ತೈದರಲ್ಲಿ ಸತ್ತವನು ನ್ಯಾಯಾಧೀಶನಾಗಲಾರ. ಆ ಹುದ್ದೆಗೆ ಏರುವಷ್ಟು ಕಾಲ ಬದುಕಿದವನೇ ಆ ಪಟ್ಟಿಗೆ ಸೇರುತ್ತಾನೆ. ಹುದ್ದೆ ಆಯುಷ್ಯವನ್ನು ಕೊಡಲಿಲ್ಲ; ಆಯುಷ್ಯವು ಹುದ್ದೆಯನ್ನು ಕೊಟ್ಟಿತು.

ಇದೇ ತಪ್ಪು ನೂರಿಪ್ಪತ್ತು ವರ್ಷಗಳ ಅನಂತರ ವೈದ್ಯವಿಜ್ಞಾನದ ಅತ್ಯಂತ ಹೊಸ ಕ್ಷೇತ್ರದಲ್ಲಿ ತಲೆಯೆತ್ತಿತು. ೧೯೬೭ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಒಬ್ಬ ಮನುಷ್ಯನ ಹೃದಯವನ್ನು ಮತ್ತೊಬ್ಬನಿಗೆ ಮೊದಲ ಬಾರಿಗೆ ಜೋಡಿಸಿದರು. ಮರು ತಿಂಗಳು, ೧೯೬೮ರ ಜನವರಿಯಲ್ಲಿ, ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಶಮ್ವೇ ಅವರ ತಂಡವೂ ಈ ಕಾರ್ಯವನ್ನು ಆರಂಭಿಸಿತು. ಮೊದಲ ಆರು ವರ್ಷಗಳಲ್ಲಿ ಅಲ್ಲಿ ೧೦೩ ಮಂದಿ ರೋಗಿಗಳನ್ನು ಯೋಗ್ಯರೆಂದು ಪಟ್ಟಿಗೆ ಸೇರಿಸಿಕೊಳ್ಳಲಾಯಿತು. ಅವರಲ್ಲಿ ೬೯ ಮಂದಿಗೆ ಹೊಸ ಹೃದಯ ದೊರೆಯಿತು. ಆರಂಭದ ವರದಿಗಳು, ಹೃದಯ ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಹೇಳಿದವು.

೧೯೭೨ರಲ್ಲಿ ಮಿಚೆಲ್ ಗೇಲ್ ಎಂಬ ವಿದ್ವಾಂಸರು ಈ ಹೋಲಿಕೆಯನ್ನು ಪ್ರಶ್ನಿಸಿದರು. ಪಟ್ಟಿಗೆ ಸೇರಿದ ಮೇಲೆ ಹೊಂದುವ ಹೃದಯ ದೊರೆಯುವವರೆಗೆ ರೋಗಿ ಕಾಯಬೇಕು. ಕಾಯುತ್ತಿರುವಾಗಲೇ ಸತ್ತವನು "ಹೃದಯ ಪಡೆಯದವರ" ಗುಂಪಿಗೆ ಸೇರುತ್ತಾನೆ. ಕಾದು ಉಳಿದವನು "ಪಡೆದವರ" ಗುಂಪಿಗೆ ಸೇರುತ್ತಾನೆ. ಅವನು ಕಾದ ದಿನಗಳಲ್ಲಿ ಸಾವು ಅವನನ್ನು ಮುಟ್ಟಲಾರದು, ಏಕೆಂದರೆ ಮುಟ್ಟಿದ್ದರೆ ಅವನು ಆ ಗುಂಪಿನಲ್ಲಿಯೇ ಇರುತ್ತಿರಲಿಲ್ಲ. ಈ ದಿನಗಳೇ ಚಿರಂಜೀವಿ ಕಾಲ. ಆಂಗ್ಲರು ಇದಕ್ಕೆ ಇಮ್ಮಾರ್ಟಲ್ ಟೈಮ್ ಎನ್ನುತ್ತಾರೆ.

ಪರಿಹಾರ ಸರಳವಾದುದು. ಶಸ್ತ್ರಚಿಕಿತ್ಸೆಯ ದಿನದವರೆಗೆ ಪ್ರತಿಯೊಬ್ಬನ ದಿನಗಳನ್ನೂ "ಪಡೆಯದವರ" ಖಾತೆಗೆ ಜಮಾ ಮಾಡಬೇಕು. ಆ ದಿನದಿಂದ ಮುಂದಕ್ಕೆ ಮಾತ್ರ "ಪಡೆದವರ" ಖಾತೆಗೆ ಜಮಾ ಮಾಡಬೇಕು. ೧೯೭೪ರಲ್ಲಿ ಮ್ಯಾಂಟೆಲ್ ಮತ್ತು ಬೈಯರ್, ೧೯೭೭ರಲ್ಲಿ ಕ್ರೌಲಿ ಮತ್ತು ಹೂ ಈ ರೀತಿ ಲೆಕ್ಕ ಹಾಕಿದಾಗ ಮೊದಲು ಕಂಡಷ್ಟು ದೊಡ್ಡ ಲಾಭ ಉಳಿಯಲಿಲ್ಲ. ೧೯೮೦ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಹೃದಯ ಜೋಡಣೆಯ ಫಲ ಬಹಳ ಉತ್ತಮವಾಯಿತೆಂಬುದನ್ನೂ ಇಲ್ಲಿ ಹೇಳಬೇಕು. ತಪ್ಪಿದ್ದುದು ಆ ಕಾಲದ ಲೆಕ್ಕದಲ್ಲಿ, ಚಿಕಿತ್ಸೆಯ ಭವಿಷ್ಯದಲ್ಲಲ್ಲ.

ತರಗತಿಯಲ್ಲಿ ಈ ಪಾಠ ಕೇಳುತ್ತಿದ್ದಾಗ ನನಗೆ ಜಗಲಿಯ ಮೊದಲ ಮಾತು ಥಟ್ಟನೆ ನೆನಪಾಯಿತು. "ಎರಡು ಮಂಡಲ ಪೂರ್ತಿ ಕುಡಿದವರು." ಪೂರ್ತಿ ಕುಡಿಯಬೇಕಾದರೆ ತೊಂಬತ್ತಾರು ದಿನ ಬದುಕಿರಬೇಕಲ್ಲವೆ? ಅಂದು ಸಂಜೆ ಊರಿಗೆ ಹೋದವನೇ ಒಂದು ಮೊರದಲ್ಲಿ ನೂರು ಅವರೆಕಾಳು ಎಣಿಸಿಕೊಂಡು ಅಪ್ಪನ ಮುಂದೆ ಕುಳಿತೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ, ಅಂಕಿಗಳು ಕಲ್ಪಿತ.

ನೂರು ಮಂದಿ ರೋಗಿಗಳು. ಐವತ್ತು ಮಂದಿ ಮೊದಲ ದಿನದಿಂದ ಕಷಾಯ ಹಿಡಿದರು. ಐವತ್ತು ಮಂದಿ ಏನನ್ನೂ ಕುಡಿಯಲಿಲ್ಲ. ಕಷಾಯವು ಬರಿಯ ನೀರೆಂದೇ ಇಟ್ಟುಕೊಳ್ಳಿ. ಆಗ ಎರಡು ಗುಂಪಿನಲ್ಲೂ ಸಾವು ಒಂದೇ ಸಮ. ಮೊದಲ ಮೂರು ತಿಂಗಳಲ್ಲಿ ಒಂದೊಂದು ಗುಂಪಿನಲ್ಲಿ ೨೦ ಮಂದಿ ಸತ್ತರು. ೩೦ ಮಂದಿ ಉಳಿದರು. ಮುಂದಿನ ಒಂಬತ್ತು ತಿಂಗಳಲ್ಲಿ ಒಂದೊಂದು ಗುಂಪಿನಲ್ಲಿ ಮತ್ತೆ ೧೫ ಮಂದಿ ಸತ್ತರು. ವರ್ಷದ ಕೊನೆಗೆ ಎರಡು ಗುಂಪಿನಲ್ಲೂ ೫೦ಕ್ಕೆ ೩೫ ಸಾವು, ನೂರಕ್ಕೆ ೭೦. ಭೇದವೇ ಇಲ್ಲ.

ಈಗ ಊರಿನವರಂತೆ ಎಣಿಸೋಣ. ಎರಡು ಮಂಡಲ "ಪೂರ್ತಿ ಮಾಡಿದವರು" ೩೦ ಮಂದಿ, ಅವರಲ್ಲಿ ಸತ್ತವರು ೧೫, ನೂರಕ್ಕೆ ೫೦. "ಪೂರ್ತಿ ಮಾಡದವರು" ಉಳಿದ ೭೦ ಮಂದಿ. ಅವರಲ್ಲಿ ಕಷಾಯ ಮುಗಿಸುವ ಮೊದಲೇ ಸತ್ತ ೨೦, ಕಷಾಯ ಕುಡಿಯದೆ ಸತ್ತ ೩೫, ಒಟ್ಟು ೫೫ ಸಾವು. ನೂರಕ್ಕೆ ಸುಮಾರು ೭೯. ಬರಿಯ ನೀರು ಅರ್ಧದಷ್ಟು ಜನರನ್ನು ಉಳಿಸಿದಂತೆ ಕಂಡಿತು! ಯಾರೂ ಸುಳ್ಳು ಹೇಳಲಿಲ್ಲ. ಇಪ್ಪತ್ತು ಕಾಳುಗಳನ್ನು ಬೇರೆ ರಾಶಿಗೆ ಹಾಕಿದರು, ಅಷ್ಟೆ.

ಅಪ್ಪ ಬಹಳ ಹೊತ್ತು ಮೊರವನ್ನೇ ನೋಡಿದರು. ಅನಂತರ, "ನಿನ್ನ ಚಿಕ್ಕಪ್ಪ ಈ ಇಪ್ಪತ್ತರಲ್ಲಿ ಒಬ್ಬನೇನೋ?" ಎಂದರು. ನಾನು ಹೌದೆಂದೆ. ಎಪ್ಪತ್ತು ದಿನ ಕಷಾಯ ಕುಡಿದು ಸತ್ತ ಚಿಕ್ಕಪ್ಪ ಊರಿನ ಲೆಕ್ಕದಲ್ಲಿ ಕಷಾಯ ಕುಡಿದವರ ಪೈಕಿ ಇರಲೇ ಇಲ್ಲ. ಅಪ್ಪ ಒಂದು ಕಾಳನ್ನು ತೆಗೆದು ಅದು ಇರಬೇಕಾದ ರಾಶಿಗೆ ತಾವೇ ಇಟ್ಟರು.

ಇದರಿಂದ ಕಷಾಯ ನಿಷ್ಪ್ರಯೋಜಕವೆಂದು ಸಿದ್ಧವಾಗಲಿಲ್ಲ. ಊರಿನ ಎಣಿಕೆಯಿಂದ ಅದನ್ನು ತಿಳಿಯಲು ಸಾಧ್ಯವಿಲ್ಲವೆಂಬುದಷ್ಟೇ ಸಿದ್ಧವಾಯಿತು. ತಿಳಿಯಬೇಕಾದರೆ ಎರಡು ಗುಂಪಿಗೂ ಒಂದೇ ಆರಂಭದ ದಿನವನ್ನು ಹಾಕಬೇಕು; ಅಂದು ಯಾರು ಯಾವ ದಾರಿ ಹಿಡಿದರೋ ಅದರಂತೆಯೇ ಕೊನೆಯವರೆಗೆ ಎಣಿಸಬೇಕು. ಇಲ್ಲವೆ, ಮೂರು ತಿಂಗಳು ಮುಗಿದ ದಿನ ಬದುಕಿದ್ದವರನ್ನು ಮಾತ್ರ ತೆಗೆದುಕೊಂಡು ಅಲ್ಲಿಂದ ಮುಂದಕ್ಕೆ ಹೋಲಿಸಬೇಕು. ಹಾಗೆ ಮಾಡಿದರೆ ನಮ್ಮ ಲೆಕ್ಕದಲ್ಲಿ ಎರಡು ಕಡೆಯೂ ೩೦ಕ್ಕೆ ೧೫.

ಎರಡನೆಯ ತಪ್ಪು: ರೋಗ ಹೆಚ್ಚಿದವನಿಗೇ ಔಷಧ

"ದೊಡ್ಡಾಸ್ಪತ್ರೆಗೆ ಹೋದವರು ಹೆಣವಾಗಿ ಬಂದರು" ಎಂಬ ಎರಡನೆಯ ಮಾತಿನ ದೋಷ ಬೇರೆ ಬಗೆಯದು. ನಮ್ಮ ಊರಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗುವವರು ಯಾರು? ಬೇರೆಲ್ಲ ಕೈಬಿಟ್ಟ ಮೇಲೆ, ಸಾಲ ಮಾಡಿ, ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಹೋದವರು. ಅವರಲ್ಲಿ ಸಾವು ಹೆಚ್ಚಾದರೆ ಅದು ಆಸ್ಪತ್ರೆಯ ಫಲವೋ ತಡವಾಗಿ ಹೋದುದರ ಫಲವೋ?

ಇದಕ್ಕೆ ಅತ್ಯುತ್ತಮ ನಿದರ್ಶನ ಏಡ್ಸ್ ರೋಗದ ಮೊದಲ ಔಷಧವಾದ ಜಿಡೋವುಡಿನ್. ಅಮೆರಿಕದಲ್ಲಿ ಇದಕ್ಕೆ ೧೯೮೭ರಲ್ಲಿ ಅನುಮತಿ ದೊರೆಯಿತು. ಎಚ್.ಐ.ವಿ. ತಗುಲಿದ ಪುರುಷರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದರ ಅಂಕಿಗಳನ್ನು ೨೦೦೦ದಲ್ಲಿ ಮಿಗೆಲ್ ಹರ್ನಾನ್, ಬ್ಯಾಬೆಟ್ ಬ್ರುಂಬ್ಯಾಕ್ ಮತ್ತು ಜೇಮ್ಸ್ ರಾಬಿನ್ಸ್ ಪರಿಶೀಲಿಸಿದರು. ಸುಮ್ಮನೆ ಹೋಲಿಸಿದಾಗ ಔಷಧ ತೆಗೆದುಕೊಂಡವರ ಸಾವಿನ ದರ ತೆಗೆದುಕೊಳ್ಳದವರಿಗಿಂತ ೩.೬ ಪಟ್ಟು ಇತ್ತು. ಔಷಧವೇ ವಿಷವೆನ್ನಬಹುದಾದ ಅಂಕಿ! ಆದರೆ ವೈದ್ಯರು ಔಷಧ ಕೊಡುತ್ತಿದ್ದುದು ಸಿ.ಡಿ.೪ ಎಂಬ ರಕ್ತಕಣಗಳ ಸಂಖ್ಯೆ ಕುಸಿದವರಿಗೆ, ಎಂದರೆ ಸಾವಿಗೆ ಹತ್ತಿರವಾದವರಿಗೆ.

ಹಾಗಾದರೆ ಸಿ.ಡಿ.೪ ಸಮವಾಗಿರುವವರನ್ನೇ ಹೋಲಿಸಿದರೆ ಸಾಲದೆ? ಇಲ್ಲಿ ಒಂದು ಸೂಕ್ಷ್ಮವಿದೆ. ಸಿ.ಡಿ.೪ ನೋಡಿ ಔಷಧ ಕೊಡುತ್ತಾರೆ. ಔಷಧ ಕೊಟ್ಟ ಮೇಲೆ ಅದೇ ಸಿ.ಡಿ.೪ ಏರುತ್ತದೆ. ಒಂದೇ ಅಂಕಿ ಇಂದು ಔಷಧಕ್ಕೆ ಕಾರಣ, ನಾಳೆ ಔಷಧದ ಫಲ. ಫಲವನ್ನು ಸಮ ಮಾಡಿಬಿಟ್ಟರೆ ಔಷಧ ಮಾಡಿದ ಉಪಕಾರವನ್ನೇ ಒರೆಸಿಹಾಕಿದಂತಾಗುತ್ತದೆ. ಈ ಗಂಟನ್ನು ಬಿಡಿಸುವ ವಿಧಾನಗಳನ್ನು ರಾಬಿನ್ಸ್ ಅವರು ೧೯೮೬ರಿಂದ ರೂಪಿಸುತ್ತ ಬಂದಿದ್ದರು. ಅದರಲ್ಲಿ ಒಂದು, ತೂಕ ಕೊಟ್ಟು ಎಣಿಸುವ ವಿಧಾನ.

ಅದು ಹೀಗೆ. ರೋಗ ಬಲಿತ ಐವರಲ್ಲಿ ನಾಲ್ವರಿಗೆ ಔಷಧ ದೊರೆಯಿತು, ಒಬ್ಬನಿಗೆ ದೊರೆಯಲಿಲ್ಲವೆನ್ನಿ. ಔಷಧವಿಲ್ಲದೆ ಏನಾಗುತ್ತಿತ್ತೆಂದು ಹೇಳಬಲ್ಲವನು ಆ ಒಬ್ಬನೇ. ಆದಕಾರಣ ಅವನನ್ನು ಐವರೆಂದು ಎಣಿಸಬೇಕು. ಔಷಧ ಪಡೆದ ನಾಲ್ವರಲ್ಲಿ ಒಬ್ಬೊಬ್ಬನನ್ನು ಒಂದೂಕಾಲು ಮಂದಿಯೆಂದು ಎಣಿಸಬೇಕು, ಅಲ್ಲಿಗೂ ಐವರಾದರು. ರೋಗ ಹಗುರವಾಗಿರುವವರಲ್ಲಿಯೂ ಇದೇ ಕ್ರಮ. ಪ್ರತಿಯೊಂದು ಭೇಟಿಯಲ್ಲೂ ಹೀಗೆ ತೂಕ ಹಾಕುತ್ತ ಬಂದರೆ, ರೋಗದ ಬಲಕ್ಕೂ ಔಷಧ ದೊರೆಯುವುದಕ್ಕೂ ಸಂಬಂಧವೇ ಇಲ್ಲದ ಒಂದು ಕಲ್ಪಿತ ಸಮೂಹ ಉಂಟಾಗುತ್ತದೆ. ಆ ಸಮೂಹದಲ್ಲಿ ಹೋಲಿಸಿದಾಗ ೩.೬ ಇದ್ದ ಅಂಕಿ ೦.೭ ಆಯಿತು. ವಿಷವೆಂದು ಕಂಡಿದ್ದು ಉಪಕಾರಿಯಾಗಿತ್ತು.

ಈ ವಿಧಾನಕ್ಕೂ ಮಿತಿಯುಂಟು. ಔಷಧ ಕೊಡಲು ಕಾರಣವಾದ ಮುಖ್ಯ ಸಂಗತಿಗಳೆಲ್ಲ ಬರೆದಿಟ್ಟಿರಬೇಕು. ಬರೆಯದೆ ಹೋದ ಬಡತನ, ಬರೆಯದೆ ಹೋದ ಕುಡಿತ, ಇವಕ್ಕೆ ಯಾವ ತೂಕವೂ ಹಾಕಲಾಗದು.

ಚೀಟಿ ಎತ್ತುವುದರ ಮಹಿಮೆ

ಬರೆದಿದ್ದನ್ನೂ ಬರೆಯದಿದ್ದನ್ನೂ ಒಟ್ಟಿಗೆ ಸಮ ಮಾಡುವ ಉಪಾಯವೆಂದರೆ ಚೀಟಿ ಎತ್ತುವುದು. ಯಾರಿಗೆ ಔಷಧವೆಂಬುದನ್ನು ವೈದ್ಯನೂ ನಿರ್ಧರಿಸಬಾರದು, ರೋಗಿಯೂ ನಿರ್ಧರಿಸಬಾರದು. ಇದರ ಪ್ರಸಿದ್ಧ ಪ್ರಯೋಗ ನಡೆದುದು ಕ್ಷಯರೋಗದಲ್ಲಿಯೇ ಎಂಬುದು ನನಗೆ ವಿಶೇಷವಾಗಿ ತೋರಿತು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುತ್ತಿದ್ದುದು ಬಹಳ ಕಡಿಮೆ. ಎಲ್ಲರಿಗೂ ಕೊಡಲು ಸಾಲದಾದಾಗ ಬ್ರ್ಯಾಡ್‌ಫರ್ಡ್ ಹಿಲ್ ಅವರು ಯಾದೃಚ್ಛಿಕ ಸಂಖ್ಯೆಗಳನ್ನು ಮೊಹರು ಮಾಡಿದ ಲಕೋಟೆಗಳಲ್ಲಿರಿಸಿ ರೋಗಿಗಳನ್ನು ಹಂಚಿದರು. ೧೯೪೮ರಲ್ಲಿ ಫಲ ಪ್ರಕಟವಾಯಿತು: ಆರು ತಿಂಗಳಲ್ಲಿ ಔಷಧ ಪಡೆದ ೫೫ ಮಂದಿಯಲ್ಲಿ ೪ ಸಾವು, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ ೫೨ ಮಂದಿಯಲ್ಲಿ ೧೪ ಸಾವು.

ನಮ್ಮ ದೇಶದ ಪಾಲೂ ಇದರಲ್ಲಿ ದೊಡ್ಡದು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ ಬಡ ರೋಗಿಗಳನ್ನು ಇದೇ ರೀತಿ ಎರಡು ಗುಂಪಾಗಿ ಹಂಚಿದರು. ಒಂದು ಗುಂಪು ಒಳ್ಳೆಯ ಊಟ, ವಿಶ್ರಾಂತಿಗಳಿರುವ ಆರೋಗ್ಯಧಾಮದಲ್ಲಿ. ಇನ್ನೊಂದು ಗುಂಪು ತಮ್ಮ ತಮ್ಮ ಗುಡಿಸಲುಗಳಲ್ಲಿ. ಮಾತ್ರೆ ಇಬ್ಬರಿಗೂ ಒಂದೇ, ಒಂದು ವರ್ಷ. ೧೯೫೯ರಲ್ಲಿ ಪ್ರಕಟವಾದ ಫಲ ಎರಡು ಗುಂಪಿನಲ್ಲೂ ಹೆಚ್ಚು ಕಡಿಮೆ ಸಮವಾಗಿತ್ತು. ಕ್ಷಯರೋಗಿಯನ್ನು ಮನೆಯಿಂದ ದೂರ ಮಾಡಬೇಕಿಲ್ಲವೆಂದು ಜಗತ್ತು ತಿಳಿದುದು ಈ ಪ್ರಯೋಗದಿಂದ. ನಮ್ಮಪ್ಪ ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿದರೆ ಅದರ ಹಿಂದೆ ಆ ಹೆಸರಿಲ್ಲದ ಮದರಾಸಿನ ಬಡವರ ಋಣವಿದೆ.

ಚೀಟಿ ಎತ್ತಿದ ಮಾತ್ರಕ್ಕೆ ಎಲ್ಲವೂ ತೀರಿತೆಂದಲ್ಲ. ಮುಟ್ಟು ನಿಂತ ಸ್ತ್ರೀಯರಿಗೆ ಕೊಡುವ ಹಾರ್ಮೋನು ಹೃದಯವನ್ನು ಕಾಪಾಡುತ್ತದೆಂದು ಬರಿಯ ಅವಲೋಕನದಿಂದ ನಂಬಲಾಗಿತ್ತು. ಅಮೆರಿಕದಲ್ಲಿ ೧೬,೬೦೮ ಸ್ತ್ರೀಯರನ್ನು ಚೀಟಿಯಿಂದ ಹಂಚಿ ನಡೆಸಿದ ಪ್ರಯೋಗವನ್ನು ಕೆಡುಕು ಹೆಚ್ಚೆಂದು ಕಂಡು ೨೦೦೨ರಲ್ಲಿ ನಿಲ್ಲಿಸಿದರು. ಹಾರ್ಮೋನು ಪಡೆದವರಲ್ಲಿ ಹೃದ್ರೋಗದ ಅಪಾಯ ಮೊದಲ ವರ್ಷ ೧.೮೧ ಪಟ್ಟು, ಐದು ವರ್ಷಗಳ ಅನಂತರ ೦.೭೦ ಪಟ್ಟು. ಹಾಗಾದರೆ ಕೆಡುಕು ಮಾಡುತ್ತಿದ್ದ ಔಷಧ ಆಮೇಲೆ ಒಳಿತು ಮಾಡಿತೆ? ಹಾಗೆನ್ನುವಂತಿಲ್ಲವೆಂದು ಹರ್ನಾನ್ ೨೦೧೦ರಲ್ಲಿ ವಿವರಿಸಿದರು. ಔಷಧದ ಗುಂಪಿನಲ್ಲಿ ಹೃದಯ ದುರ್ಬಲವಾಗಿದ್ದವರು ಮೊದಲೇ ರೋಗಕ್ಕೆ ತುತ್ತಾದರು. ಕೊನೆಗೆ ಉಳಿದವರು ಗಟ್ಟಿಗರು. ಮೊದಲ ದಿನ ಸಮವಾಗಿದ್ದ ಗುಂಪುಗಳು ಐದನೆಯ ವರ್ಷಕ್ಕೆ ಸಮವಾಗಿರಲಿಲ್ಲ. ಆದಕಾರಣ "ಇಷ್ಟು ಪಟ್ಟು" ಎಂಬ ಒಂದೇ ಅಂಕಿಯನ್ನು ನಂಬದೆ, ಆರಂಭದಲ್ಲಿದ್ದ ನೂರರಲ್ಲಿ ಇಂತಿಷ್ಟು ವರ್ಷಕ್ಕೆ ಎಷ್ಟು ಮಂದಿ ಉಳಿದರೆಂದು ಎರಡು ಕಡೆಯೂ ಕೇಳುವುದು ಮೇಲು.

ಮುಕ್ತಾಯ

ಅವರೆಕಾಳಿನ ಲೆಕ್ಕ ಮುಗಿದ ಮೇಲೆ ಅಪ್ಪ ಇನ್ನೊಂದು ಪ್ರಶ್ನೆ ಕೇಳಿದರು: "ಹಂಗಾದ್ರೆ ನಾನು ಉಳಿದಿದ್ದು ಮಾತ್ರೆಯಿಂದಲೇ ಅಂತ ಹೇಳಬಹುದೇನಪ್ಪ?" ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ಹೋಗುತ್ತಿರುವ ಮನುಷ್ಯ ಅವರು. ಹೌದೆಂದುಬಿಡುವುದು ಸುಲಭವಾಗಿತ್ತು. ಆದರೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ೧೯೬೧ರಿಂದ ೧೯೬೮ರವರೆಗೆ ನಡೆಸಿದ ಸಮೀಕ್ಷೆಯ ನೆನಪಾಯಿತು. ಚಿಕಿತ್ಸೆ ಇನ್ನೂ ಹಳ್ಳಿಗಳನ್ನು ಸರಿಯಾಗಿ ಮುಟ್ಟದ ಆ ಕಾಲದಲ್ಲಿ ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತರು. ಸುಮಾರು ಮೂರನೆಯ ಒಂದು ಭಾಗ ತಾವಾಗಿಯೇ ಗುಣಹೊಂದಿದರು. ಮಿಕ್ಕವರು ರೋಗವನ್ನು ಹೊತ್ತುಕೊಂಡೇ ಬದುಕಿದರು. ಅಪ್ಪ ಆ ಮೂರನೆಯ ಒಂದು ಭಾಗದಲ್ಲಿ ಒಬ್ಬರಾಗಿರಲಿಲ್ಲವೆಂದು ಯಾರು ಹೇಳಬಲ್ಲರು? ಕಷಾಯ ಕುಡಿದು ಉಳಿದವರನ್ನು ತೋರಿಸಿದ ಹಿರಿಯರಿಗೆ ನಾನು ಯಾವ ನಿಯಮ ಹೇಳಿದೆನೋ ಅದೇ ನಿಯಮ ನನಗೂ ಸಲ್ಲಬೇಕು.

"ನಿಮ್ಮೊಬ್ಬರನ್ನು ನೋಡಿ ಹೇಳೋಕಾಗಲ್ಲ ಅಪ್ಪ. ಚೀಟಿ ಎತ್ತಿ ಹಂಚಿದ ನೂರಾರು ಜನರ ಲೆಕ್ಕ ನೋಡಿ ಹೇಳಬಹುದು, ಆ ಲೆಕ್ಕ ಮಾತ್ರೆಯ ಕಡೆಗಿದೆ" ಎಂದೆ. ಅವರು ತಲೆಯಾಡಿಸಿದರು. "ಆವತ್ತು ಇಷ್ಟು ಗೊತ್ತಿದ್ದಿದ್ರೆ ಅವನನ್ನೂ ಕರಕೊಂಡು ಹೋಗ್ತಿದ್ದೆ" ಎಂದು ಕಾಳುಗಳನ್ನು ಮೊರದಿಂದ ಡಬ್ಬಕ್ಕೆ ಸುರಿದರು.

ವಾಚಕ ಮಿತ್ರರಲ್ಲಿ ಬಹುಮಂದಿ ನನ್ನಂತೆಯೇ ಹಳ್ಳಿಯಿಂದ ಬಂದವರು. ಮನೆಯಲ್ಲಿ "ನೀನು ಓದಿದವನು, ಹೇಳು" ಎಂಬ ಮಾತನ್ನು ಇಂದಲ್ಲ ನಾಳೆ ಕೇಳುವವರು. ಅಂದು ಮೂರು ಪ್ರಶ್ನೆಗಳನ್ನು ನೆನಪಿಡಿ. ಲೆಕ್ಕ ಯಾವ ದಿನದಿಂದ ಆರಂಭವಾಯಿತು, ಎರಡು ಗುಂಪಿಗೂ ಅದೇ ದಿನವೆ? ಔಷಧ ಯಾರಿಗೆ ದೊರೆಯಿತು, ಏಕೆ ದೊರೆಯಿತು? ನಡುವೆ ಪಟ್ಟಿಯಿಂದ ಮರೆಯಾದವರು ಯಾರು, ಅವರನ್ನು ಯಾವ ರಾಶಿಗೆ ಹಾಕಿದರು? ಆಯುಷ್ಯ ಬ್ರಹ್ಮನ ಬರಹವೇ ಇರಬಹುದು. ಅಜ್ಜಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬರಹವನ್ನು ಓದುವಾಗ ಸಾಲು ತಪ್ಪಿಸುವವರು ನಾವು.